ಮ್ಯಾಟ್ ಜೆಲ್ ಮೀಡಿಯಮ್: ಫೆವಿಕಾಲ್ ಇರುವಾಗ ಈ ಡಬ್ಬಿ ಬೇಕೆ?

ಮಣ್ಣು, ದಾರ, ಜೆರಾಕ್ಸ್ ಹಾಳೆ, ಹಳೇ ಸೀರೆಯ ತುಂಡು ಎಲ್ಲವನ್ನೂ ಒಂದೇ ಕ್ಯಾನ್ವಾಸಿನ ಮೇಲೆ ಕೂರಿಸುತ್ತೇನೆ ಎಂದರೆ ಕಲಾ ಸಾಮಗ್ರಿ ಅಂಗಡಿಯವರು ಕೈಗಿಡುವುದು ಮ್ಯಾಟ್ ಜೆಲ್ ಮೀಡಿಯಮ್ಮಿನ, ಅಂದರೆ ಒಣಗಿದರೆ ಹೊಳೆಯದ ಗಟ್ಟಿ ಅಕ್ರಿಲಿಕ್ ಲೇಪದ ಡಬ್ಬಿ. ಅದೇ ಅಂಗಡಿಯ ಕೆಳಗಿನ ಸಾಲಿನಲ್ಲಿ ಫೆವಿಕಾಲೂ ಇರುತ್ತದೆ, ಬೆಲೆಯಲ್ಲಿ ಎಷ್ಟೋ ಪಟ್ಟು ಅಗ್ಗ. ಎರಡೂ ಡಬ್ಬಿಯಲ್ಲಿ ಬೆಳ್ಳಗೆ, ಹಸಿಯಿದ್ದಾಗ ಎರಡನ್ನೂ ನೀರಲ್ಲಿ ತೊಳೆಯಬಹುದು, ಒಣಗಿದ ಮೇಲೆ ಎರಡರ ಮೂಲಕವೂ ಕೆಳಗಿನದು ಕಾಣುತ್ತದೆ. ದುಬಾರಿಯದು ಯಾಕೆ ಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಗೋಡೆಗೇರುವ, ಮಾರಾಟವಾಗುವ ಕೃತಿಗೆ ಜೆಲ್ ಬೇಕೇ ಬೇಕು. ಆದರೆ ಒಂದೇ ಡಬ್ಬಿ ಕೊಳ್ಳುವುದಾದರೆ ಮ್ಯಾಟ್ ಅಲ್ಲ, ಗ್ಲಾಸ್ (gloss), ಅಂದರೆ ಹೊಳಪಿನದು. ತರಗತಿಗೆ ಫೆವಿಕಾಲ್ ಸಾಕು.

ಲಿಕ್ವಿಟೆಕ್ಸ್, ಗೋಲ್ಡನ್‌ನಂಥ ವಿದೇಶಿ ಡಬ್ಬಿಯಾಗಲಿ ನಮ್ಮಲ್ಲಿ ತಯಾರಾಗುವುದಾಗಲಿ, ಇಲ್ಲಿ ಹೇಳುವ ಗುಣಗಳು ಈ ಜಾತಿಯ ಸಾಮಗ್ರಿಗೆಲ್ಲ ಹೆಚ್ಚುಕಡಿಮೆ ಒಂದೇ. ಜೆಲ್ ಎಂದರೆ ಬಣ್ಣದ ಪುಡಿ ಹಾಕದ ಅಕ್ರಿಲಿಕ್ ಬಣ್ಣ, ಅಷ್ಟೇ. ಲಿಕ್ವಿಟೆಕ್ಸ್ 1955ರಲ್ಲಿ ಕಲಾವಿದರಿಗೆಂದು ನೀರಿನಲ್ಲಿ ಕರಗಿಸಬಹುದಾದ ಅಕ್ರಿಲಿಕ್ ತಂದಾಗಿನಿಂದ ಮೂಲ ತತ್ವ ಬದಲಾಗಿಲ್ಲ: ನೀರಿನಲ್ಲಿ ತೇಲುವ ಅಕ್ರಿಲಿಕ್ ಕಣಗಳು ನೀರು ಆರಿದಂತೆ ಒಂದಕ್ಕೊಂದು ಬೆಸೆದು ರಬ್ಬರಿನಂಥ ಹಾಳೆಯಾಗುತ್ತವೆ, ಮತ್ತೆ ನೀರಿಗೆ ಕರಗುವುದಿಲ್ಲ. ಫೆವಿಕಾಲ್ ಪಾಲಿವಿನೈಲ್ ಅಸಿಟೇಟಿನ ಅಂಟು. ಮರಕ್ಕೆ ಮರ ಹಿಡಿಸುವುದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಆದರೆ ಚಿತ್ರದ ಮೇಲ್ಪದರವಾಗಿ ಬಯಲಿಗೆ ಬಿದ್ದಾಗ ಈ ಬಗೆಯ ಅಂಟು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಹಳದಿಗೆ ತಿರುಗಿ ಬಿರುಸಾಗುತ್ತದೆ. ಬಡಗಿಯ ಕೆಲಸದಲ್ಲಿ ಎರಡು ಹಲಗೆಗಳ ನಡುವೆ ಅಡಗಿರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಮ್ಯಾಟ್ ಬಗ್ಗೆ ನಮ್ಮ ತಕರಾರು. ಹೊಳಪು ಕೊಲ್ಲಲು ಅದರಲ್ಲಿ ನುಣುಪಾದ ಬಿಳಿ ಪುಡಿ ಸೇರಿಸಿರುತ್ತಾರೆ. ಆ ಕಣಗಳು ಬೆಳಕನ್ನು ಚದುರಿಸುತ್ತವೆ. ತೆಳ್ಳಗೆ ಒಂದು ಕೈ ಎಳೆದರೆ ತೊಂದರೆ ಗೊತ್ತಾಗುವುದಿಲ್ಲ. ಮೂರು ನಾಲ್ಕು ಪದರವಾದರೆ ಕೆಳಗಿನ ಕಪ್ಪು ಬೂದುಬಣ್ಣವಾಗುತ್ತದೆ, ಕಡುನೀಲಿಯ ಮೇಲೆ ಮಜ್ಜಿಗೆ ನೀರು ಚೆಲ್ಲಿದಂತೆ ಕಾಣುತ್ತದೆ. ಒಣಗಿದರೆ ತಿಳಿಯಾಗುತ್ತದೆ ಎಂದು ಕಾಯುವವರಿದ್ದಾರೆ. ಹಸಿಯ ಬಿಳುಪು ಹೋಗುತ್ತದೆ, ಪುಡಿಯ ಬಿಳುಪು ಹೋಗುವುದಿಲ್ಲ. ಡಬ್ಬಿ ತಂದ ದಿನವೇ ಕಪ್ಪು ಕಾರ್ಡ್ ಶೀಟಿನ ಮೇಲೆ ಬ್ರಷ್ಷಿನಿಂದ ಒಂದು ತೆಳು ಪಟ್ಟಿ, ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಚಪ್ಪಟೆ ಚಾಕು) ಸುಮಾರು 1 ಮಿ.ಮೀ. ಮತ್ತು 3 ಮಿ.ಮೀ. ದಪ್ಪದ ಎರಡು ಪಟ್ಟಿ ಎಳೆದು ಒಂದು ವಾರ ಬಿಡಿ. ಆ ಕಾರ್ಡೇ ನಿಮ್ಮ ಮುಂದಿನ ಕೈಪಿಡಿ. ಒಳಪದರಗಳನ್ನೆಲ್ಲ ಗ್ಲಾಸ್ ಜೆಲ್‌ನಲ್ಲೇ ಕಟ್ಟಿ, ಹೊಳಪು ಬೇಡವೆಂದರೆ ಕಟ್ಟಕಡೆಯ ಒಂದೇ ತೆಳು ಕೈ ಮ್ಯಾಟ್ ಹಾಕುವುದು ಸರಿಯಾದ ಕ್ರಮ.

ಜೆರಾಕ್ಸ್ ಚಿತ್ರವನ್ನು ಕ್ಯಾನ್ವಾಸಿಗೆ ಇಳಿಸುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಮಾತ್ರ ಆಗುತ್ತದೆ, ಏಕೆಂದರೆ ಟೋನರ್ ಪ್ಲಾಸ್ಟಿಕ್ ಪುಡಿ. ಮನೆಯ ಇಂಕ್‌ಜೆಟ್ ಪ್ರಿಂಟಿನ ಶಾಯಿ ನೀರು ತಾಗಿದರೆ ಕಲಸಿಹೋಗುತ್ತದೆ. ಅಕ್ಷರಗಳಿದ್ದರೆ ಮೊದಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆಸಬೇಕು. ಕ್ಯಾನ್ವಾಸಿಗೆ ಗ್ಲಾಸ್ ಜೆಲ್ ಅನ್ನು ಎಲ್ಲೂ ಖಾಲಿ ಬಿಡದೆ, ದೋಸೆಯ ಮೇಲೆ ಬೆಣ್ಣೆ ಸವರಿದಷ್ಟು ದಪ್ಪಕ್ಕೆ ಹಚ್ಚಿ, ಚಿತ್ರದ ಮುಖ ಕೆಳಗಾಗಿ ಹಾಳೆ ಇಟ್ಟು, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿ ಹೊರಗೆ ತಳ್ಳಬೇಕು. ಕನಿಷ್ಠ 24 ಗಂಟೆ ಬಿಡಿ, ಮಳೆಗಾಲದಲ್ಲಿ ಎರಡು ದಿನ. ಆಮೇಲೆ ಒದ್ದೆ ಸ್ಪಂಜಿನಿಂದ ಹಾಳೆ ನೆನೆಸಿ, ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತ ಕಾಗದದ ನಾರು ಉರುಳಿಸಿ ತೆಗೆಯಿರಿ. ಉಗುರು ತಾಗಿಸಬೇಡಿ. ಒದ್ದೆಯಿದ್ದಾಗ ಎಲ್ಲ ಸ್ವಚ್ಛವಾಯಿತು ಅನ್ನಿಸುತ್ತದೆ, ಒಣಗಿದೊಡನೆ ಬಿಳಿ ಮಂಜು ಮತ್ತೆ ಮೂಡುತ್ತದೆ. ಅದು ಉಳಿದ ನಾರು. ಇದನ್ನು ಮೂರು ನಾಲ್ಕು ಸಲ ಮಾಡಬೇಕು. ಒಂದೇ ಸಲಕ್ಕೆ ಮುಗಿಸಹೊರಟವರ ಚಿತ್ರವೇ ಎದ್ದುಬರುವುದು. ಕೊನೆಯ ತೆಳು ಮಂಜಿಗೆ ಗ್ಲಾಸ್ ಒಂದು ಕೈ ಹಚ್ಚಿದರೆ ಅದು ಕರಗಿದಂತೆ ಮರೆಯಾಗುತ್ತದೆ. ಮ್ಯಾಟ್ ಹಚ್ಚಿದರೆ ಮಂಜಿನ ಮೇಲೆ ಇನ್ನೊಂದು ಮಂಜು.

ದಪ್ಪ ಲೇಪಕ್ಕೆ ನಮ್ಮ ಮನೆಗಳಲ್ಲಿ ದೊಡ್ಡ ಶತ್ರು ಸೀಲಿಂಗ್ ಫ್ಯಾನು. ಮೇಲಿನ ಸಿಪ್ಪೆ ಬೇಗ ಒಣಗಿ, ಒಳಗಿನ ಹಸಿ ನಿಧಾನಕ್ಕೆ ಕುಗ್ಗುವಾಗ ಮೇಲ್ಮೈ ಸೀಳುತ್ತದೆ, ಕೆರೆಯ ತಳದ ಕೆಸರು ಬಿರಿದಂತೆ. ಫ್ಯಾನ್ ಆರಿಸಿ, ಪ್ಲಾಸ್ಟಿಕ್ ಟಬ್ಬನ್ನು ಒಂದು ಅಂಚು ಎತ್ತಿ ಕವುಚಿಟ್ಟರೆ ಸಾಕು.

ಪುಡಿ ಬೆರೆಸುವ ಪ್ರಯೋಗಕ್ಕೆ ಈ ಡಬ್ಬಿಯಷ್ಟು ಒಗ್ಗುವುದು ಬೇರೆ ಇಲ್ಲ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಕಲಾವಿದೆ ಶೀಲಾ ಗೌಡ 1990ರ ದಶಕದಲ್ಲಿ ಸಗಣಿಯನ್ನೂ ಕುಂಕುಮ ಹಚ್ಚಿದ ದಾರವನ್ನೂ ಕಲಾಕೃತಿಗೆ ತಂದರು. ಮನೆಯಂಗಳದ ವಸ್ತುಗಳನ್ನು ಕ್ಯಾನ್ವಾಸಿಗೆ ತರಬಹುದೆ ಎಂದು ನಮ್ಮ ವಿದ್ಯಾರ್ಥಿಗಳು ಇವತ್ತು ಹಿಂಜರಿಯಬೇಕಿಲ್ಲ. ಆದರೆ ಯಾವುದು ಉಳಿಯುತ್ತದೆ ಎಂಬುದು ಬೇರೆ ಲೆಕ್ಕ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಜಗ್ಗುವುದಿಲ್ಲ. ಅರಿಶಿನ ಕೆಲವೇ ತಿಂಗಳಲ್ಲಿ ಬೆಳಕಿಗೆ ಮಂಕಾಗುತ್ತದೆ, ಜೆಲ್ ಎಷ್ಟು ದಪ್ಪ ಸುರಿದರೂ ಕಾಯುವುದಿಲ್ಲ. ಅಂಗಡಿಯ ಕುಂಕುಮವನ್ನೂ ನಂಬಬೇಡಿ, ಒಂದು ಪಟ್ಟಿ ಹಚ್ಚಿ ಅರ್ಧಕ್ಕೆ ರಟ್ಟು ಮುಚ್ಚಿ ಕಿಟಕಿಯಲ್ಲಿಟ್ಟು ನೋಡಿ. ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ಮೊದಲು ಸ್ವಲ್ಪ ನೀರಲ್ಲಿ ಕಲಸಿ, ನಂತರ ಒಂದು ಪಾಲಿಗೆ ಎರಡು ಪಾಲು ಜೆಲ್ ಸೇರಿಸಿ. ಒಣ ಪುಡಿಯನ್ನು ನೇರ ಹಾಕಿದರೆ ಗಂಟು ಕಟ್ಟುತ್ತದೆ. ಪುಡಿ ಹೆಚ್ಚಾದರೆ ಒಣಗಿದ ಮೇಲೆ ಬೆರಳಿಗೆ ಮೆತ್ತಿಕೊಂಡು ಉದುರುತ್ತದೆ, ಏಕೆಂದರೆ ಕಣಗಳನ್ನೆಲ್ಲ ಸುತ್ತುವಷ್ಟು ಅಂಟು ಉಳಿದಿರುವುದಿಲ್ಲ.

ಮೈಸೂರು ಶೈಲಿಯ ಚಿನ್ನದ ಹಾಳೆಯ ಕೆಲಸವನ್ನು ಮಿಶ್ರ ಮಾಧ್ಯಮಕ್ಕೆ ತರುವವರಿಗೆ ಒಂದು ಎಚ್ಚರಿಕೆ. ಅಸಲಿ ಚಿನ್ನದ ಮೇಲೆ ಜೆಲ್ ಹಚ್ಚಿದರೆ ಏನೂ ಆಗುವುದಿಲ್ಲ. ತಾಮ್ರ ಸತುವಿನ ನಕಲಿ ಹಾಳೆಯ ಮೇಲೆ ನೇರವಾಗಿ ಹಚ್ಚಿದರೆ ಜೆಲ್‌ನ ನೀರು, ಅಮೋನಿಯಾ ಸೇರಿ ಅದು ಕಪ್ಪಿಡಬಹುದು, ಹಸಿರು ಕಾರಬಹುದು. ನಡುವೆ ನೀರಿಲ್ಲದ ಸ್ಪಿರಿಟ್ ಆಧಾರಿತ ವಾರ್ನಿಷ್ಷಿನ ಪದರ ಇರಲಿ. ಎಣ್ಣೆಬಣ್ಣ, ಆಯಿಲ್ ಪೇಸ್ಟಲ್ ಮೇಲಂತೂ ಜೆಲ್ ಹಿಡಿಯುವುದೇ ಇಲ್ಲ. ಅಕ್ರಿಲಿಕ್ ಕೆಳಗೆ, ಎಣ್ಣೆ ಮೇಲೆ.

ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಕೆಲಸ ಮಾಡುವವರು ನೀರು ಒಳಗಿನ ಕಂದು ಕಲೆಯನ್ನು ಮೇಲಕ್ಕೆಳೆಯುವುದನ್ನು ಕಂಡೇ ಇರುತ್ತಾರೆ. ಜೆಲ್ ಹಳದಿಯಾಯಿತೆಂದು ಡಬ್ಬಿಯನ್ನು ಬೈಯುವುದು ತಪ್ಪು, ಕಲೆ ಹಲಗೆಯದು. ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪವಾದ ಜೆಸ್ಸೊಗಿಂತ ಮೊದಲು ಗ್ಲಾಸ್ ಮೀಡಿಯಮ್ ಎರಡು ಕೈ ಹಚ್ಚಿ ಪೂರ್ತಿ ಒಣಗಿಸಿದರೆ ತಡೆ ಸಿಗುತ್ತದೆ. ದಿನಪತ್ರಿಕೆಯ ತುಂಡು ಹಳದಿಯಾಗುವುದೂ ಜೆಲ್‌ನ ತಪ್ಪಲ್ಲ, ಜೆಲ್ ಅದನ್ನು ನಿಲ್ಲಿಸುವುದೂ ಇಲ್ಲ. ಆ ಪುಟವನ್ನು ಒಳ್ಳೆಯ ಆಮ್ಲರಹಿತ ಹಾಳೆಗೆ ಜೆರಾಕ್ಸ್ ಮಾಡಿಸಿ ಅಂಟಿಸಿ.

ಎಷ್ಟು ಬೇಕು? 250 ಮಿ.ಲೀ. ಡಬ್ಬಿಯ ಜೆಲ್ ಒಂದು ಚದರ ಮೀಟರಿಗೆ ಹರಡಿದರೆ ಕಾಲು ಮಿ.ಮೀ. ಹಸಿ ದಪ್ಪ ಬರುತ್ತದೆ. ಕಾಗದದ ತುಂಡು ಅಂಟಿಸುವ ಕೊಲಾಜಿಗೆ 0.1 ಮಿ.ಮೀ. ಸಾಕು. 2x3 ಅಡಿ ಕ್ಯಾನ್ವಾಸಿಗೆ ಕಾಗದದ ಕೆಳಗೊಂದು, ಮೇಲೊಂದು ಕೈ ಎಂದರೆ ಸುಮಾರು 110 ಮಿ.ಲೀ., ಅಂದರೆ ಡಬ್ಬಿಗೆ ಎರಡು ಕ್ಯಾನ್ವಾಸ್. ಚಿತ್ರಕಲಾ ಮೇಷ್ಟ್ರುಗಳು ಇಲ್ಲೇ ಬೆಚ್ಚುವುದು. ಎ4 ಹಾಳೆಯ ಒಂದು ಅಭ್ಯಾಸಕ್ಕೆ ಚೆಲ್ಲಿದ್ದೂ ಸೇರಿ ತಲೆಗೆ 15 ಮಿ.ಲೀ.; 20 ಮಕ್ಕಳಿದ್ದರೆ ಒಂದೇ ತರಗತಿಗೆ 300 ಮಿ.ಲೀ. ಹೋಯಿತು. ಆದ್ದರಿಂದ ಹರಿಯುವುದು, ಹೊಂದಿಸುವುದು, ಅಂಟಿಸುವುದು ಕಲಿಸುವವರೆಗೆ ಮೂರು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಸಾಕು. ಚಿತ್ರ ಇಳಿಸುವ ಪಾಠದ ದಿನ ಮಾತ್ರ ಜೆಲ್ ತೆರೆಯಿರಿ, ಫೆವಿಕಾಲಿನ ಪದರ ಆ ನೆನೆಸಿ ಉಜ್ಜುವಿಕೆಗೆ ನಿಲ್ಲುವುದಿಲ್ಲ. ಡಬ್ಬಿಯೊಳಗೆ ಯಾರೂ ಬ್ರಷ್ ಅದ್ದದಂತೆ ಚಮಚದಲ್ಲಿ ತೆಗೆದು ಬಟ್ಟಲುಗಳಿಗೆ ಹಂಚಿ. ಕೊಳೆ ನೀರು ಸೇರಿದರೆ ಬೂಷ್ಟು ಹಿಡಿಯುತ್ತದೆ. ಬ್ರಷ್ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ, ಬಕೆಟ್ಟಿನಲ್ಲೇ ಆರಲು ಬಿಟ್ಟು ತಳದ ಸಿಪ್ಪೆ ಎಸೆಯಿರಿ.

ಪ್ರದರ್ಶನಕ್ಕೆ ಒಯ್ಯುವಾಗ ಈ ಸಾಮಗ್ರಿಯ ನಿಜವಾದ ದೌರ್ಬಲ್ಯ ಹೊರಬೀಳುತ್ತದೆ. ಅಕ್ರಿಲಿಕ್ ಪದರ ಬಿಸಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಎರಡು ಕ್ಯಾನ್ವಾಸ್ ಮುಖಕ್ಕೆ ಮುಖ ಇಟ್ಟರೆ ಬಿಡಿಸುವಾಗ ಒಂದರ ತುಂಡು ಇನ್ನೊಂದಕ್ಕೆ ಹೋಗುತ್ತದೆ. ಬಬಲ್ ರ‍್ಯಾಪ್ ನೇರ ಸುತ್ತಿದರೆ ಗುಳ್ಳೆಗಳ ಗುರುತು ಅಚ್ಚೊತ್ತುತ್ತದೆ. ಮುಖಕ್ಕೆ ಬೇಕರಿಯವರು ಬಳಸುವ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಬಬಲ್ ರ‍್ಯಾಪ್ ಸುತ್ತಿ. ಗಾಜಿನ ಫ್ರೇಮಾದರೆ ಗಾಜಿಗೂ ಚಿತ್ರಕ್ಕೂ 5 ಮಿ.ಮೀ. ಅಂತರ ಬಿಡಲು ಫ್ರೇಮ್ ಹಾಕುವವರಿಗೆ ಹೇಳಿ, ಇಲ್ಲದಿದ್ದರೆ ಗಾಜಿಗೇ ಅಂಟಿಕೊಳ್ಳುತ್ತದೆ. ಮುಟ್ಟಿದರೆ ಒಣಗಿದಂತಿರುವುದಕ್ಕೂ ಒಳಗೆ ಗಟ್ಟಿಯಾಗುವುದಕ್ಕೂ ವಾರಗಳ ಅಂತರವಿದೆ, ಹಾಗಾಗಿ ಕೊನೆಯ ಲೇಪ ಪ್ರದರ್ಶನಕ್ಕೆ ಮೂರು ವಾರ ಮೊದಲೇ ಮುಗಿದಿರಲಿ.

ಬೆಂಗಳೂರಿನ ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಬದಿಗೆ ಇಡೀ ದಿನ ನಿಲ್ಲಿಸುವ ಚಿತ್ರಕ್ಕೆ ಇನ್ನೊಂದು ಕಾಟ ಧೂಳು. ಬೆಚ್ಚಗಾದ ಮೆತ್ತನೆಯ ಮೈಗೆ ಅದು ಹುದುಗಿಬಿಟ್ಟರೆ ಒರೆಸಿದರೂ ಬರುವುದಿಲ್ಲ. ಎರಡು ಪಾಲು ಸಾಫ್ಟ್ (ಮೆತ್ತನೆಯ ಹದದ) ಗ್ಲಾಸ್ ಜೆಲ್‌ಗೆ ಒಂದು ಪಾಲು ನೀರು ನಿಧಾನವಾಗಿ, ನೊರೆ ಏಳದಂತೆ ಕಲಸಿ ಅಗಲ ಬ್ರಷ್ಷಿನಲ್ಲಿ ಒಂದು ಕೈ ಎಳೆಯಿರಿ. ಅದು ಒಣಗಿದ ಮೇಲೆ ಮುಂದೆ ತೆಗೆಯಬಹುದಾದ ವಾರ್ನಿಷ್ ಹಚ್ಚಿ. ಕೊಳೆಯಾದಾಗ ವಾರ್ನಿಷ್ ಮಾತ್ರ ಕರಗಿಸಿ ತೆಗೆಯಬಹುದು, ಕೊಲಾಜಿಗೆ ಏಟು ಬೀಳದು. ಚೀಟಿಯಲ್ಲಿ ಬರೀ ‘ಮಿಶ್ರ ಮಾಧ್ಯಮ’ ಎಂದು ಬಿಡದೆ ‘ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, ಕೆಮ್ಮಣ್ಣು, ಟೋನರ್, ಕಾಗದ’ ಎಂದು ಬಿಡಿಸಿ ಬರೆಯಿರಿ, ಯಾವ ವಾರ್ನಿಷ್ ಎಂಬುದನ್ನು ಕ್ಯಾನ್ವಾಸಿನ ಬೆನ್ನಿಗೆ ಬರೆದಿಡಿ. ಮುಂದೆ ಅದನ್ನು ಸ್ವಚ್ಛ ಮಾಡುವವರು ಮೊದಲು ತಿರುಗಿಸಿ ನೋಡುವುದು ಅಲ್ಲೇ.