ದೆವ್ವದ ಸಿನಿಮಾಗಳ ‘ಪಬ್ಲಿಕ್ ರಿಯಾಕ್ಷನ್’ ವಿಡಿಯೋ ನಂಬಿ ಟಿಕೆಟ್ ತಗೋಬೇಡಿ

ಕಡಿಮೆ ಬಜೆಟ್ಟಿನ ದೆವ್ವದ ಥ್ರಿಲ್ಲರ್ ಒಂದು ಬಂದಿದೆ, "ಥಿಯೇಟರಲ್ಲಿ ಜನ ಕಿರುಚಿ ಎದ್ದರು" ಅನ್ನೋ ವಿಡಿಯೋ ಎಲ್ಲ ಕಡೆ ಓಡಾಡ್ತಿದೆ ಅಂದ್ರೆ, ದಯವಿಟ್ಟು ಅದನ್ನ ನಂಬಿ ದುಡ್ಡು ಕಳ್ಕೋಬೇಡಿ. ಯಾಕೆ ಅಂತ ಕೆಳಗೆ ಬರೀತೀನಿ. ಮೋಸ ಹೋದವರು ಒಬ್ಬಿಬ್ಬರಲ್ಲ, ಆ ವಿಡಿಯೋ ನೋಡಿಕೊಂಡು ಬಂದು ಕೂತ ಎಲ್ಲರೂ. ನಾನು ನೋಡಿ ಬಂದ ಸಿನಿಮಾದ ಹೆಸರು ಹಾಕಲ್ಲ. ಹಾಕಿದರೆ ಅದಕ್ಕೂ ಪ್ರಚಾರ ಸಿಗುತ್ತೆ. ಅದಲ್ಲದೆ ಇದೇ ಅಚ್ಚಲ್ಲಿ ಬರೋ ಇನ್ನೂ ಎಷ್ಟೋ ಸಿನಿಮಾಗಳು ಇದೇ ಆಟ ಆಡ್ತಿವೆ.

ಈ ಬಗೆಯ ಸಿನಿಮಾ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಒಂದು ಮನೆ, ನಾಲ್ಕೈದು ಪಾತ್ರ, ಒಬ್ಬ ಹುಡುಗಿ ಮೈಮೇಲೆ ದೆವ್ವ, ಅದನ್ನ ಬಿಡಿಸೋಕೆ ಬರೋ ಒಬ್ಬ. ತಪ್ಪೇನಿಲ್ಲ. ದುಡ್ಡು ಕಮ್ಮಿ ಅನ್ನೋದೂ ತಪ್ಪಲ್ಲ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನ ಸುಮಾರು 15,000 ಡಾಲರಲ್ಲಿ, ನಿರ್ದೇಶಕನ ಸ್ವಂತ ಮನೆಯಲ್ಲೇ ತೆಗೆದಿದ್ದು. 2009ರಲ್ಲಿ ದೊಡ್ಡ ಮಟ್ಟದಲ್ಲಿ ಬಿಡುಗಡೆ ಆದಾಗ ಅದರ ಟ್ರೇಲರಲ್ಲಿ ಕತ್ತಲಲ್ಲಿ ಕೂತ ಪ್ರೇಕ್ಷಕರ ಮುಖಗಳನ್ನ ರಾತ್ರಿ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದರು. ಅದು ಗೆದ್ದಿತು. ಅವತ್ತಿಂದ ಸಣ್ಣ ಬಜೆಟ್ಟಿನ ದೆವ್ವದ ಸಿನಿಮಾ ಮಾಡೋರಿಗೆಲ್ಲ ಅದೇ ದಾರಿ: ದೆವ್ವವನ್ನ ತೋರಿಸೋಕೆ ದುಡ್ಡಿಲ್ಲದಿದ್ದರೆ ಹೆದರಿದ ಮುಖ ತೋರಿಸು. ಆದರೆ ಅಲ್ಲಿ, ಟ್ರೇಲರಲ್ಲಿ ಆ ಮುಖಗಳು ನೋಡ್ತಿದ್ದ ಸಿನಿಮಾವನ್ನೇ ಜನರಿಗೆ ಕೊಟ್ಟಿದ್ದರು. ಇಲ್ಲಿ ಆಗಿದ್ದು ಅದಲ್ಲ.

ಇಲ್ಲಿ ವಿಡಿಯೋದಲ್ಲಿ ಏನಿತ್ತು ಅಂದ್ರೆ, ಹುಡುಗಿ ಚಾವಣಿ ಮೂಲೆಗೆ ಅಂಟಿಕೊಂಡು ತಲೆಯನ್ನ ಪೂರಾ ಹಿಂದಕ್ಕೆ ತಿರುಗಿಸ್ತಾಳೆ. ತಕ್ಷಣ ಪ್ರೇಕ್ಷಕರ ಸಾಲು. ಎಲ್ಲರೂ ಒಟ್ಟಿಗೆ ಬೆಚ್ಚಿ ಹಿಂದಕ್ಕೆ ಸರೀತಾರೆ, ಒಬ್ಬಾಕೆ ಮುಖ ಮುಚ್ಚಿಕೊಳ್ತಾಳೆ, ಇನ್ನೊಬ್ಬ ಎದ್ದೇ ಬಿಡ್ತಾನೆ. ಅಷ್ಟೇ, ಇಪ್ಪತ್ತು ಸೆಕೆಂಡೂ ಇಲ್ಲ. ಜನ ಬಂದಿದ್ದೇ ಆ ಶಾಟಿಗೋಸ್ಕರ. ಫಸ್ಟ್ ಹಾಫ್ ಮುಗೀತು, ಬರಲಿಲ್ಲ. ಸರಿ, ಕ್ಲೈಮ್ಯಾಕ್ಸಿಗೆ ಇಟ್ಕೊಂಡಿದ್ದಾರೆ ಅಂದ್ಕೊಂಡ್ವಿ. ಸೆಕೆಂಡ್ ಹಾಫಲ್ಲಿ ದೆವ್ವ ಬಿಡಿಸೋ ದೃಶ್ಯ ಶುರುವಾಯ್ತು. ಲೈಟು ಮಿಣಮಿಣ ಅಂತು, ಕ್ಯಾಮೆರಾ ಅಲ್ಲಾಡಿತು, ಬಾಗಿಲು ಬಡೀತು, ಯಾರೋ ಅರಚಿದರು, ಪರದೆ ಕಪ್ಪಾಯ್ತು. ಹೆಸರುಗಳು ಬರೋಕೆ ಶುರು. ಎಲ್ಲರೂ ಕೂತೇ ಇದ್ದಾರೆ, ಹೆಸರು ಮುಗಿದ ಮೇಲಾದರೂ ಬರಬಹುದು ಅಂತ. ಬರಲಿಲ್ಲ. ಆ ಶಾಟ್ ಸಿನಿಮಾದಲ್ಲಿ ಇಲ್ಲವೇ ಇಲ್ಲ.

ಲೈಟು ಹತ್ತಿದಾಗ ಹೊಳೆದಿದ್ದು ಅದಕ್ಕಿಂತ ಕೆಟ್ಟದ್ದು. ಸಿನಿಮಾದಲ್ಲೇ ಇಲ್ಲದ ಶಾಟ್ ನೋಡಿ ಥಿಯೇಟರಿನ ಜನ ಕಿರುಚಿದ್ದು ಹೇಗೆ? ಮತ್ತೆ ಹೇಳ್ತೀನಿ, ಸಿನಿಮಾದಲ್ಲಿ ಇಲ್ಲ, ಆದರೂ ಜನ ಕಿರುಚಿದ್ದಾರೆ! ಅಂದ್ರೆ ಆ ಮುಖಗಳು ಬೇರೆ ಯಾವುದಕ್ಕೋ ಹೆದರಿದ್ದು, ಅಥವಾ ಹೆದರಿ ಅಂತ ಹೇಳಿಸಿಕೊಂಡು ಹೆದರಿದ್ದು. ಪಕ್ಕದ ಸೀಟಿನವರ ಮುಖ ನೋಡೋಕೂ ನಾಚಿಕೆ ಆಗೋ ಹಾಗೆ ಮಾಡಿದರು.

ಇದನ್ನ ಹೇಗೆ ತಯಾರಿಸ್ತಾರೆ ಅಂತ ತಿಳ್ಕೊಳ್ಳಿ, ಮುಂದಿನ ಸಲ ವಿಡಿಯೋದಲ್ಲೇ ಹಿಡೀಬಹುದು. ಆಹ್ವಾನದ ಮೇಲೆ ಕರೆದ ಶೋ ಇರುತ್ತೆ, ತಂಡದವರು, ಅವರ ಸ್ನೇಹಿತರು, ನೆಂಟರು. ಪರದೆ ಕೆಳಗೆ ಕ್ಯಾಮೆರಾ ಇಟ್ಟು ಮುಖಗಳನ್ನ ಉದ್ದಕ್ಕೂ ರೆಕಾರ್ಡ್ ಮಾಡ್ತಾರೆ. ಆಮೇಲೆ ಎಡಿಟಿಂಗಲ್ಲಿ ಬೆಚ್ಚಿದ ಯಾವ ಮುಖವನ್ನ ಯಾವ ಶಾಟಿಗೆ ಬೇಕಾದರೂ ಅಂಟಿಸಬಹುದು. ಕಿರುಚಾಟದ ಶಬ್ದವನ್ನ ಬೇರೆಯಾಗಿ ಸೇರಿಸಿರ್ತಾರೆ. ಅದಕ್ಕೇ ಬಾಯಿ ಮುಚ್ಚಿ ಕೂತವರ ಮುಖ ತೋರಿಸುವಾಗಲೂ ಹಾಲ್ ತುಂಬ ಕೂಗು ಕೇಳಿಸುತ್ತೆ. ಒಂದೇ ಫ್ರೇಮಲ್ಲಿ ಪರದೆಯೂ ಪ್ರೇಕ್ಷಕರೂ ಒಟ್ಟಿಗೆ ಕಾಣಿಸ್ತಾರಾ ನೋಡಿ. ಕಟ್ ಇಲ್ಲದೆ ಒಂದು ಸಲವೂ ಕಾಣದಿದ್ದರೆ ಎರಡಕ್ಕೂ ಸಂಬಂಧ ಇದೆ ಅನ್ನೋಕೆ ಯಾವ ಆಧಾರವೂ ಇಲ್ಲ. ಕತ್ತಲ ಹಾಲಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದ ಚಿತ್ರಕ್ಕೆ ಬಣ್ಣ ಇರಲ್ಲ, ಹಸಿರಾಗಿಯೋ ಬೂದಾಗಿಯೋ ಇರುತ್ತೆ, ಕಣ್ಣುಗುಡ್ಡೆ ಹೊಳೀತಿರುತ್ತೆ. ಮುಖಗಳು ಬಣ್ಣ ಬಣ್ಣವಾಗಿ, ಬದಿಯಿಂದ ಮೆತ್ತಗಿನ ಬೆಳಕು ಬಿದ್ದ ಹಾಗೆ ಕಂಡರೆ ಅಲ್ಲಿ ಯಾರೋ ಲೈಟು ಇಟ್ಟಿದ್ದಾರೆ ಅಂತ ಅರ್ಥ.

ನಿಜವಾಗಿ ಬೆಚ್ಚಿದರು ಅಂತಲೇ ಇಟ್ಟುಕೊಳ್ಳಿ. ಬೆಚ್ಚೋದು ಬೇರೆ, ಹೆದರೋದು ಬೇರೆ. ಇದ್ದಕ್ಕಿದ್ದಂತೆ ಜೋರು ಶಬ್ದ ಬಂದರೆ ಸುಮಾರು 30ರಿಂದ 50 ಮಿಲಿಸೆಕೆಂಡ್ ಒಳಗೆ ಕಣ್ಣು ಮಿಟುಕುತ್ತೆ, ಅದರ ಬೆನ್ನಲ್ಲೇ ಭುಜ ಮೇಲಕ್ಕೆ ಹೋಗುತ್ತೆ. ಮನಸ್ಸು ಯೋಚಿಸಿ ಮಾಡೋದಲ್ಲ, ನರಗಳ ಕೆಲಸ ಅದು. ಥಿಯೇಟರಲ್ಲಿ ಪರದೆ ಹಿಂದಿನ ಒಂದೊಂದು ಸ್ಪೀಕರ್ ಚಾನೆಲ್ಲನ್ನೂ 85 ಡೆಸಿಬಲ್ ಅಳತೆಗೆ ಹೊಂದಿಸಿ ಮೇಲೆ 20 ಡೆಸಿಬಲ್ ಜಾಗ ಬಿಟ್ಟಿರ್ತಾರೆ, ಅಂದ್ರೆ 105ರ ತನಕ ಏರಬಹುದು. ಕೆಲವು ಸೆಕೆಂಡ್ ಪೂರ್ತಿ ನಿಶ್ಶಬ್ದ ಮಾಡಿ ಒಂದೇ ಏಟಿಗೆ ಅಷ್ಟು ಎತ್ತರಕ್ಕೆ ಏರಿಸಿದರೆ ಪರದೆ ಮೇಲೆ ಬೆಕ್ಕು ನಡೆದರೂ ಜನ ಹಾರಿ ಬೀಳ್ತಾರೆ. ಈ ಸಿನಿಮಾದಲ್ಲೂ ಮಾಡಿದ್ದು ಅದನ್ನೇ. ಬಾಗಿಲು, ಬೆಕ್ಕು, ಹಿಂದಿನಿಂದ ಭುಜ ಮುಟ್ಟೋ ಗಂಡ. ಮೂರನೇ ಸಲಕ್ಕೆ ಕಿವಿ ಪಳಗುತ್ತೆ, ಆಮೇಲೆ ಬರೀ ತಲೆನೋವು. ಟ್ರೇಲರನ್ನ ಒಂದು ಸಲ ಶಬ್ದ ಪೂರ್ತಿ ತೆಗೆದು ನೋಡಿ. ಚಿತ್ರದಲ್ಲಿ ಏನೂ ಉಳಿಯದಿದ್ದರೆ ಸಿನಿಮಾದಲ್ಲೂ ಉಳಿಯಲ್ಲ.

ಈಗ ಚಿತ್ರತಂಡದವರ ಉತ್ತರಗಳು. ರಕ್ತ ಕುದ್ದಿದ್ದು ಇಲ್ಲೇ. ಆ ಶಾಟ್ ಎಲ್ಲಿ ಅಂತ ಕೇಳಿದವರಿಗೆಲ್ಲ ಮೊದಲು ಬಂದ ಉತ್ತರ, ಸ್ಪಾಯ್ಲರ್ ಹಾಕಬೇಡಿ, ಅಂದ್ರೆ ನೋಡದವರಿಗೆ ಗುಟ್ಟು ಬಿಟ್ಟುಕೊಡಬೇಡಿ ಅಂತ. ಇಲ್ಲದ ಶಾಟಿಗೆ ಸ್ಪಾಯ್ಲರ್ ಹೇಗೆ ಆಗುತ್ತೆ? ಮತ್ತೆ ಕೇಳಿದಾಗ, ಪ್ರಚಾರದ ವಿಡಿಯೋ ಸಿನಿಮಾದ ವಾತಾವರಣ ತಿಳಿಸೋಕೆ ಮಾತ್ರ ಅಂದರು. ಅದು ವಾತಾವರಣ ಅಲ್ಲ, "ಪ್ರೇಕ್ಷಕರ ಪ್ರತಿಕ್ರಿಯೆ" ಅಂತ ಮೇಲೆ ದಪ್ಪ ಅಕ್ಷರದಲ್ಲಿ ನೀವೇ ಬರೆದಿದ್ದೀರಿ. ಆಮೇಲೆ ಕೇಳಿದವರ ಮಾತುಗಳೇ ಅಳಿಸಿ ಹೋದವು.

ಮುಂದಿನ ಉತ್ತರ, ಒಳ್ಳೆ ಸೌಂಡ್ ಇರೋ ಕಡೆ ನೋಡಿಲ್ಲ ನೀವು ಅಂತ. ಇದರಲ್ಲಿ ಸ್ವಲ್ಪ ನಿಜ ಇದೆ, ಒಪ್ಪಬೇಕು. ಎದೆ ಅದುರಿಸೋ ತಗ್ಗು ಶಬ್ದವನ್ನ ಫೋನಿನ ಸ್ಪೀಕರ್ ಹೊರಡಿಸೋದೇ ಇಲ್ಲ, ಅದನ್ನ ನಂಬಿ ಕಟ್ಟಿದ ದೃಶ್ಯ ಫೋನಲ್ಲಿ ಸಪ್ಪೆ ಆಗುತ್ತೆ. ಆದರೆ ದೂರು ಹೇಳಿದವರು ನೋಡಿದ್ದು ಥಿಯೇಟರಲ್ಲೇ! ಅಷ್ಟಕ್ಕೂ ಸೌಂಡ್ ಎಷ್ಟು ಚೆನ್ನಾಗಿದ್ದರೂ ಇಲ್ಲದ ಶಾಟ್ ಕಾಣಿಸುತ್ತಾ?

ಇನ್ನೊಂದು ಉತ್ತರ, ಹೊಸ ತಂಡ, ಕಷ್ಟಪಟ್ಟಿದ್ದೀವಿ, ಈ ಬಜೆಟ್ಟಲ್ಲಿ ಇಷ್ಟೇ ಸಾಧ್ಯ, ಬೆಂಬಲಿಸಿ ಅಂತ. ಇದು ಹೆಚ್ಚು ನೋಯಿಸಿತು. ಟಿಕೆಟ್ ಮಾರುವಾಗ ಬಜೆಟ್ ಮಾತು ಇರಲಿಲ್ಲ, ಆಗ "ಹೃದಯ ಗಟ್ಟಿ ಇದ್ದವರು ಮಾತ್ರ ಬನ್ನಿ" ಅಂತ ಇತ್ತು. ಕೊನೆಗೆ, ಎಲ್ಲಕ್ಕೂ ಎರಡನೇ ಭಾಗದಲ್ಲಿ ಉತ್ತರ ಇದೆ ಅಂದರು. 2012ರಲ್ಲಿ ‘ದಿ ಡೆವಿಲ್ ಇನ್‌ಸೈಡ್’ ಅನ್ನೋ ದೆವ್ವದ ಸಿನಿಮಾ ಇದೇ ತರಹ ದಡಕ್ಕನೆ ನಿಂತು, ಹೆಚ್ಚಿನ ಮಾಹಿತಿಗೆ ವೆಬ್‌ಸೈಟ್ ನೋಡಿ ಅಂತ ಪರದೆ ಮೇಲೆ ವಿಳಾಸ ಹಾಕಿ ಮುಗಿಸಿತ್ತು. ಜನ ಥಿಯೇಟರಲ್ಲೇ ಕೂಗಾಡಿದರು. ಬಿಡುಗಡೆ ದಿನ ಪ್ರೇಕ್ಷಕರಿಂದಲೇ ಅಂಕ ಬರೆಸಿಕೊಳ್ಳೋ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಎಫ್, ಅಂದ್ರೆ ಕಟ್ಟಕಡೆಯ ದರ್ಜೆ. ಆದರೂ ಸುಮಾರು 10 ಲಕ್ಷ ಡಾಲರಲ್ಲಿ ಮಾಡಿದ ಆ ಸಿನಿಮಾ ಅಮೆರಿಕದಲ್ಲಿ ಮೊದಲ ಮೂರೇ ದಿನಕ್ಕೆ 3.3 ಕೋಟಿ ಡಾಲರಿಗೂ ಹೆಚ್ಚು ತಂದಿತು. ಅಲ್ಲಿ ಅದರ ಪೂರ್ತಿ ಓಟದ ಗಳಿಕೆಯೇ ಸುಮಾರು 5.3 ಕೋಟಿ. ಲೆಕ್ಕ ಅರ್ಥವಾಯ್ತಾ? ಇವರಿಗೆ ಬೇಕಾಗಿರೋದು ಮೊದಲ ಶುಕ್ರವಾರದಿಂದ ಭಾನುವಾರ. ಸೋಮವಾರ ಜನ ಬೈದರೆ ಬೈಯಲಿ. ರಿಯಾಕ್ಷನ್ ವಿಡಿಯೋ ಬಿಡುಗಡೆಗೆ ಮೊದಲೇ ಯಾಕೆ ಬರುತ್ತೆ ಅನ್ನೋದಕ್ಕೆ ಉತ್ತರ ಇದೇ.

ಇದು ಹೊಸ ವಿದ್ಯೆ ಅಂತಲೂ ತಿಳೀಬೇಡಿ. 1958ರಲ್ಲೇ ವಿಲಿಯಂ ಕ್ಯಾಸಲ್ ಅನ್ನೋ ಅಮೆರಿಕದ ನಿರ್ದೇಶಕ ತನ್ನ ‘ಮಕಾಬ್ರ್’ ಸಿನಿಮಾಕ್ಕೆ ಬಂದವರಿಗೆ, ಹೆದರಿ ಸತ್ತರೆ 1,000 ಡಾಲರ್ ಅಂತ ವಿಮೆ ಪತ್ರ ಹಂಚಿ, ಥಿಯೇಟರಲ್ಲಿ ನರ್ಸುಗಳನ್ನ ನಿಲ್ಲಿಸಿದ್ದ. ಅದು ಬಹಿರಂಗ ಆಟ, ನೋಡೋರಿಗೂ ಗೊತ್ತಿತ್ತು. 2001ರಲ್ಲಿ ಬಯಲಾಗಿದ್ದು ಬೇರೆ ತರಹದ್ದು: ಡೇವಿಡ್ ಮ್ಯಾನಿಂಗ್ ಅನ್ನೋ ವಿಮರ್ಶಕನೇ ಇಲ್ಲ, ಸೋನಿ ಸ್ಟುಡಿಯೋದ ಪ್ರಚಾರ ವಿಭಾಗ ಹುಟ್ಟಿಸಿದ ಹೆಸರು ಅಂತ. ಅದೇ ಹೊತ್ತಿಗೆ, ಟೀವಿ ಜಾಹೀರಾತಲ್ಲಿ ಸಾಮಾನ್ಯ ಪ್ರೇಕ್ಷಕರ ಹಾಗೆ ಹೊಗಳಿದವರು ಅವರದೇ ನೌಕರರು ಅನ್ನೋದೂ ಹೊರಬಂತು. ಸುಳ್ಳು ವಿಮರ್ಶಕನ ವಿಷಯಕ್ಕೆ ಹೂಡಿದ್ದ ಕೇಸು 2005ರಲ್ಲಿ 15 ಲಕ್ಷ ಡಾಲರಿಗೆ ರಾಜಿ ಆಯ್ತು, ಕೇಳಿದ ಪ್ರೇಕ್ಷಕರಿಗೆ ಟಿಕೆಟ್ಟಿಗೆ 5 ಡಾಲರ್. ಸುಳ್ಳು ವಿಮರ್ಶೆ ಕೊಳ್ಳೋದು, ಮಾರೋದನ್ನ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಮಾಡಿ ನಿಷೇಧಿಸಿದ್ದು 2024ರಲ್ಲಿ.

ಬಜೆಟ್ ಮಾತಿಗೆ ಮತ್ತೆ ಬರ್ತೀನಿ, ಅದರ ಹಿಂದೆ ಅಡಗಿಕೊಳ್ಳೋದು ಸಹಿಸೋಕೆ ಆಗ್ತಿಲ್ಲ. ದೆವ್ವದ ಸಿನಿಮಾಗಳ ಸೆಕೆಂಡ್ ಹಾಫ್ ಯಾಕೆ ಕುಸಿಯುತ್ತೆ ಅನ್ನೋದಕ್ಕೆ ಕಾರಣ ಇದೆ. ಫಸ್ಟ್ ಹಾಫಿಗೆ ಬೇಕಾಗಿರೋದು ನೆರಳು, ಶಬ್ದ, ಖಾಲಿ ಕಾರಿಡಾರ್. ಅದು ಅಗ್ಗ. ಸೆಕೆಂಡ್ ಹಾಫಲ್ಲಿ ಮೈಮೇಲೆ ಬಂದವಳನ್ನ ಬೆಳಕಲ್ಲಿ ತೋರಿಸಲೇಬೇಕು. ಮುಖಕ್ಕೆ ಪ್ರಾಸ್ಥೆಟಿಕ್, ಅಂದ್ರೆ ನಕಲಿ ಚರ್ಮ ಅಂಟಿಸೋಕೇ ಗಂಟೆಗಟ್ಟಲೆ ಬೇಕು, ತೆಗೆಯೋಕೂ ಹೊತ್ತು ಬೇಕು, ದಿನಕ್ಕೆ ಸಿಗೋ ಶಾಟು ಕೆಲವೇ. ಕಣ್ಣು ಪೂರ್ತಿ ಕಪ್ಪಾಗೋಕೆ ಕಣ್ಣಿನ ಬಿಳಿ ಭಾಗವನ್ನೂ ಮುಚ್ಚೋ, ಸುಮಾರು 22 ಮಿಲಿಮೀಟರಿನ ಸ್ಕ್ಲೀರಲ್ ಲೆನ್ಸ್ ಬೇಕು, ಮಾಮೂಲಿ ಲೆನ್ಸ್ 14ರ ಆಸುಪಾಸು. ದೊಡ್ಡದನ್ನ ಕಣ್ಣಿನ ತಜ್ಞರು ಅಳತೆ ನೋಡಿ ಹಾಕಬೇಕು, ತುಂಬ ಹೊತ್ತು ಇಡೋ ಹಾಗಿಲ್ಲ. ಆ ಖರ್ಚು ಉಳಿಸೋಕೆ ಕಂಪ್ಯೂಟರಲ್ಲಿ ಕಪ್ಪು ತುಂಬ್ತಾರೆ, ತಲೆ ವೇಗವಾಗಿ ತಿರುಗಿದಾಗ ಆ ಕಪ್ಪು ರೆಪ್ಪೆ ದಾಟಿ ಕೆನ್ನೆಗೆ ಜಾರುತ್ತೆ. ಈ ಸಿನಿಮಾದಲ್ಲಿ ಜಾರಿದ್ದು ಕಣ್ಣಾರೆ ಕಂಡಿತು. ದನಿಯೂ ಅಷ್ಟೇ. 1973ರ ‘ದಿ ಎಕ್ಸಾರ್ಸಿಸ್ಟ್’ನಲ್ಲಿ ದೆವ್ವದ ದನಿಗೆ ಮರ್ಸಿಡಿಸ್ ಮೆಕೇಂಬ್ರಿಜ್ ಅನ್ನೋ ನಟಿಯನ್ನೇ ಕರೆಸಿದ್ದರು. ಇಲ್ಲಿ ಹುಡುಗಿಯ ದನಿಯನ್ನೇ ಕೆಳಕ್ಕೆ ಇಳಿಸಿಬಿಟ್ಟಿದ್ದಾರೆ, ಉಸಿರಾಟದ ಶಬ್ದವೂ ಜೊತೆಗೆ ಇಳಿದು ಯಂತ್ರದ ಹಾಗೆ ಕೇಳುತ್ತೆ. ಒಬ್ಬ ಒಳ್ಳೆ ಕಂಠದಾನ ಕಲಾವಿದೆಗೆ ಲಕ್ಷಾಂತರ ಬೇಕಿರಲಿಲ್ಲ. ರಿಯಾಕ್ಷನ್ ವಿಡಿಯೋಕ್ಕೆ ಲೈಟು, ಕ್ಯಾಮೆರಾ, ಜನ ಸೇರಿಸೋಕೆ ದುಡ್ಡಿತ್ತು. ಚಾವಣಿ ಮೇಲಿನ ಆ ಒಂದು ಶಾಟಿಗೆ ವೈರ್ ಕಟ್ಟಿ ನೇತುಹಾಕೋಕೂ ದುಡ್ಡಿತ್ತು. ಅದನ್ನ ಸಿನಿಮಾದೊಳಗೆ ಇಡೋಕೆ ಏನಾಗಿತ್ತು?

ಆ ಹುಡುಗಿಯ ನಟನೆ ಬಗ್ಗೆ ಯಾರೂ ಕೆಟ್ಟದು ಹೇಳಿಲ್ಲ, ನಾನೂ ಹೇಳಲ್ಲ. ಕಣ್ಣಿಗೆ ಕಪ್ಪು ತುಂಬದ ದೃಶ್ಯಗಳಲ್ಲಿ ಅವಳೊಬ್ಬಳೇ ಸಿನಿಮಾವನ್ನ ಎತ್ತಿ ಹಿಡಿದಿದ್ದಾಳೆ.

ಟಿಕೆಟ್ ತಗೊಳ್ಳೋ ಮುಂಚೆ ರೇಟಿಂಗ್ ನೋಡೋದಾದರೆ ಸರಾಸರಿ ನೋಡಬೇಡಿ, ಹಂಚಿಕೆ ನೋಡಿ. 10 ಕೊಟ್ಟವರು ರಾಶಿ, 1 ಕೊಟ್ಟವರು ರಾಶಿ, ನಡುವೆ ಖಾಲಿ ಇದ್ದರೆ ಹತ್ತಿರ ಹೋಗಬೇಡಿ. ನಿಜವಾದ ಪ್ರೇಕ್ಷಕರ ಅಂಕ ಸಾಮಾನ್ಯವಾಗಿ ನಡುವಲ್ಲೂ ಇರುತ್ತೆ. 10 ಕೊಟ್ಟವರ ಹೆಸರು ಒತ್ತಿ ನೋಡಿ, ಅವರು ಬರೆದಿರೋದು ಇದೊಂದೇ ಸಿನಿಮಾ ಬಗ್ಗೆ ಆಗಿದ್ದರೆ ಬಿಟ್ಟುಬಿಡಿ. ಕಥೆಯಲ್ಲಿ ಏನಾಗುತ್ತೆ ಅಂತ ಒಂದು ಮಾತೂ ಇಲ್ಲದೆ "ಬಿಜಿಎಂ ಸೂಪರ್, ಸೆಕೆಂಡ್ ಹಾಫ್ ಬೆಂಕಿ" ಅಂತಲೇ ಇದ್ದರೆ ಅವರು ಸಿನಿಮಾ ನೋಡಿಯೇ ಇಲ್ಲ ಅಂತ ತಿಳ್ಕೊಳ್ಳಿ. 5, 6 ಕೊಟ್ಟವರ ಬರಹ ಓದಿ. ಆಗೋದಾದರೆ ಸೋಮವಾರದ ತನಕ ಕಾಯಿರಿ.

ಈಗಾಗಲೇ ನೋಡಿ ಸಿಟ್ಟು ಬಂದಿರೋರು ದಯವಿಟ್ಟು 1 ಕೊಟ್ಟು ಬೈದು ಬರಬೇಡಿ. 1 ಕೊಟ್ಟವರನ್ನೆಲ್ಲ ಎದುರಾಳಿ ತಂಡದವರು ಅಂತ ಅವರು ಆಗಲೇ ಹೇಳಿಕೊಂಡು ತಿರುಗ್ತಿದ್ದಾರೆ. ನಿಮಗೆ ಅನಿಸಿದ ಅಂಕ ಕೊಡಿ, ಮೂರೋ ನಾಲ್ಕೋ, ಕೆಳಗೆ ಒಂದೇ ಸಾಲು ಬರೀರಿ: ರಿಯಾಕ್ಷನ್ ವಿಡಿಯೋದಲ್ಲಿರೋ ಚಾವಣಿ ಶಾಟ್ ಸಿನಿಮಾದಲ್ಲಿ ಇಲ್ಲ. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ.