ಬಿಡಿಸಿ ಜೋಡಿಸುವ ಪ್ಲಾಸ್ಟಿಕ್ ಅಂಗೈ: ಕಾರ್ಪಲ್ ಟನಲ್‌ಗೆ ಸೈ, ಸಣ್ಣ ಕವಲುಗಳಿಗೆ ಸಾಲದು

ನರ್ಸಿಂಗ್, ಫಿಸಿಯೋಥೆರಪಿ, ಎಂಬಿಬಿಎಸ್ ತರಗತಿಗಳಿಗೆಂದು ಆನ್‌ಲೈನ್‌ನಲ್ಲಿ ಸಿಗುವ, ನಿಜವಾದ ಕೈಯಷ್ಟೇ ದೊಡ್ಡ ಮೂರು ಪದರಗಳ ಮಾದರಿ ಇದು.

ಇದರಲ್ಲಿ ಮೆಚ್ಚಬೇಕಾದದ್ದು ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನ ಮೂಳೆಗಳಿಗೂ ಅವುಗಳ ಮೇಲೆ ಅಡ್ಡಲಾಗಿ ಬಿಗಿದ ಲಿಗಮೆಂಟಿಗೂ (ಗಟ್ಟಿ ಪಟ್ಟಿಗೂ) ನಡುವಿನ ಸುರಂಗ. ಬೆರಳು ಮಡಚುವ 9 ಟೆಂಡನ್‌ಗಳನ್ನು (ಸ್ನಾಯುರಜ್ಜುಗಳನ್ನು) ಎಣಿಸಿ ತೋರಿಸಬಹುದು: ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಅವುಗಳ ಜೊತೆ ಅದೇ ಇಕ್ಕಟ್ಟಿನಲ್ಲಿ ಹೆಬ್ಬೆರಳಿನ ಕಡೆಯ ಬೆರಳುಗಳಿಗೆ ಹೋಗುವ ಮೀಡಿಯನ್ ನರ. ಟೆಂಡನ್‌ಗಳ ಹೊದಿಕೆ ಊದಿದರೆ ಒತ್ತಡವೆಲ್ಲ ಈ ನರದ ಮೇಲೆಯೇ ಏಕೆ ಬೀಳುತ್ತದೆ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಕಿರುಬೆರಳಿನ ಕಡೆಯ ಅಲ್ನಾರ್ ನರ ಸುರಂಗದ ಹೊರಗೆ ಹಾದುಹೋಗುವುದೂ ಸರಿಯಾಗಿದೆ. ಮೀಡಿಯನ್ ನರ ಒತ್ತಿಕೊಂಡಾಗ ಕಿರುಬೆರಳಿಗೆ ಜೋಮು ಬಾರದಿರಲು ಅದೇ ಕಾರಣ.

ತೊಂದರೆ ಇರುವುದು ಕವಲುಗಳಲ್ಲಿ. ಮೀಡಿಯನ್ ನರದಿಂದ ಹೆಬ್ಬೆರಳಿನ ಬುಡದ ಸ್ನಾಯುಗಳಿಗೆ ತಿರುಗಿ ಹೋಗುವ ಮೋಟಾರ್ (ಚಲನೆಯ) ಕವಲು ಇಲ್ಲಿ ಸುರಂಗ ದಾಟಿದ ಮೇಲೆಯೇ ಹುಟ್ಟುತ್ತದೆ. ಹಲವರ ಕೈಯಲ್ಲಿ ಹಾಗೆಯೇ ಇರುತ್ತದೆ, ನಿಜ. ಆದರೆ ಕೆಲವರಲ್ಲಿ ಅದು ಲಿಗಮೆಂಟನ್ನೇ ತೂರಿ ಹೊರಬರುತ್ತದೆ. ನರದ ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಲಿಗಮೆಂಟ್ ಬಿಡಿಸುವಾಗ ಈ ಕವಲು ತುಂಡಾದರೆ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬರುವ ಶಕ್ತಿಯೇ ಕುಂದುತ್ತದೆ. ಮಣಿಕಟ್ಟಿನ ಗೆರೆಗಿಂತ ಸುಮಾರು 5 ಸೆಂ.ಮೀ. ಮೇಲೆ ಹುಟ್ಟಿ, ಲಿಗಮೆಂಟಿನ ಮೇಲುಗಡೆ ಸಾಗಿ ಅಂಗೈ ಚರ್ಮಕ್ಕೆ ಸ್ಪರ್ಶ ಕೊಡುವ ಕವಲಂತೂ ಮಾದರಿಯಲ್ಲಿ ಇಲ್ಲವೇ ಇಲ್ಲ. ಶಸ್ತ್ರಚಿಕಿತ್ಸೆಯ ಕೊಯ್ತವನ್ನು ಹೆಬ್ಬೆರಳಿನ ಕಡೆಗೆ ಸರಿಸಿದರೆ ಕತ್ತರಿಸುವುದು ಇದನ್ನೇ. ಆಮೇಲೆ ಕಲೆಯ ಮೇಲೆ ಕೈ ಊರಲಾಗದಂಥ ನೋವು. ಉಂಗುರ ಬೆರಳಿನ ನೇರಕ್ಕೆ ಕೊಯ್ಯುವ ಗೆರೆ ಹಾಕಿಕೊಳ್ಳುವುದು ಇದಕ್ಕಾಗಿ. ಮೀಡಿಯನ್ ಮತ್ತು ಅಲ್ನಾರ್ ನರಗಳನ್ನು ಅಂಗೈಯಲ್ಲಿ ಬೆಸೆಯುವ ಬೆರೆಟ್ಟಿನಿ ಕವಲೂ ಇಲ್ಲ.

ಇನ್ನೊಂದು ತಪ್ಪು ಕ್ಷಮಿಸುವಂಥದ್ದಲ್ಲ. ಅಂಗೈಯಲ್ಲಿ ರಕ್ತನಾಳದ ಕಮಾನು ನರಗಳ ಮುಂದೆ (ಅಂಗೈ ಚರ್ಮದ ಕಡೆಗೆ) ಇದ್ದರೂ ಬೆರಳಿನೊಳಗೆ ನರವೇ ಮುಂದೆ ಬರುತ್ತದೆ. ಮಾದರಿಯಲ್ಲಿ ಬೆರಳಿನ ತುದಿಯವರೆಗೂ ರಕ್ತನಾಳದ ಕೆಂಪು ಕೊಳವೆಯೇ ಮುಂದೆ. ಬೆರಳಿನ ಒಳಬದಿ ಕೊಯ್ದು ರಕ್ತ ಚಿಮ್ಮುತ್ತಿದ್ದರೆ ನರವೂ ತುಂಡಾಗಿರಬಹುದೆಂದು ಶಂಕಿಸಬೇಕು ಎಂಬ ಪಾಠ ಇದರಿಂದ ತಲೆಕೆಳಗಾಗುತ್ತದೆ.

ಹಳದಿ ಕಸೂತಿ ದಾರವನ್ನು ಸೂಪರ್‌ಗ್ಲೂನಿಂದ ಅಂಟಿಸಿ ಬಿಟ್ಟುಹೋದ ಕವಲುಗಳನ್ನು ಮೂಡಿಸಬಹುದು. ಮೋಟಾರ್ ಕವಲಿಗೆ ಎರಡು ದಾರ, ಬೇರೆ ಬೇರೆ ಬಣ್ಣದವು: ಒಂದು ಲಿಗಮೆಂಟ್ ಬಳಸಿ, ಇನ್ನೊಂದು ಸಣ್ಣ ರಂಧ್ರ ಕೊರೆದು ಅದರೊಳಗಿಂದ. ಹೆಬ್ಬೆರಳಿನ ಬುಡದಲ್ಲಿ ಹೊರಬದಿಯ ನರ ಚರ್ಮದಡಿಯಲ್ಲೇ ಓರೆಯಾಗಿ ದಾಟುವುದನ್ನೂ ಸೇರಿಸಿ. ಟ್ರಿಗರ್ ಥಂಬ್ (ಮಡಚಿದ ಹೆಬ್ಬೆರಳು ಸಿಕ್ಕಿಕೊಳ್ಳುವ ತೊಂದರೆ) ಶಸ್ತ್ರಚಿಕಿತ್ಸೆಯಲ್ಲಿ ಅಪಾಯಕ್ಕೆ ಸಿಲುಕುವುದು ಅದೇ.

ಫಿಸಿಯೋ, ನರ್ಸಿಂಗ್ ತರಗತಿಗೆ ಧಾರಾಳವಾಗಿ ಕೊಳ್ಳಬಹುದು. ಶಸ್ತ್ರಚಿಕಿತ್ಸೆ ಕಲಿಯುವವರು ದಾರ ಅಂಟಿಸದೆ ಇದನ್ನು ಬಳಸಬಾರದು.