ಎಲಿಜಬೆತ್ ಕಣ್ಣಲ್ಲಿ ಕಂಡ ಫ್ರಾಂಕನ್‌ಸ್ಟೈನ್

ಮೇರಿ ಶೆಲ್ಲಿಯವರ ‘ಫ್ರಾಂಕನ್‌ಸ್ಟೈನ್’ 1818ರಲ್ಲಿ ಅಚ್ಚಾಗಿ ಇನ್ನೂರು ವರ್ಷ ತುಂಬಿದಾಗ, 2018ರಲ್ಲಿ, ಅಮೆರಿಕದ ಕೀರ್ಸ್ಟನ್ ವೈಟ್ ಅವರು ಹದಿಹರೆಯದ ಓದುಗರಿಗಾಗಿ ಬರೆದ ‘ದಿ ಡಾರ್ಕ್ ಡಿಸೆಂಟ್ ಆಫ್ ಎಲಿಜಬೆತ್ ಫ್ರಾಂಕನ್‌ಸ್ಟೈನ್’ ಕಾದಂಬರಿಯು ಅದೇ ಕಥೆಯನ್ನು, ಹೆಣಗಳಿಂದ ಜೀವಿಯೊಂದನ್ನು ಸೃಷ್ಟಿಸುವ ವಿಕ್ಟರ್ ಫ್ರಾಂಕನ್‌ಸ್ಟೈನನ ಕೈಹಿಡಿಯಬೇಕಾದ ಎಲಿಜಬೆತ್‌ಳ ಬಾಯಿಂದ ಹೇಳಿಸುತ್ತದೆ. ಮೂಲ ಕೃತಿಯ 1831ರ ಪರಿಷ್ಕೃತ ಆವೃತ್ತಿಯಲ್ಲಿ, ಅನಾಥಳಾದ ಎಲಿಜಬೆತ್‌ಳನ್ನು ವಿಕ್ಟರನ ತಾಯಿಯು ತನ್ನ ಮಗನಿಗೆ ಉಡುಗೊರೆಯೆಂದು ತಂದುಕೊಡುವ ಸಣ್ಣ ಪ್ರಸಂಗವೊಂದಿದೆ. ಅಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಆ ಸಂಗತಿಯನ್ನೇ ವೈಟ್ ಇಡೀ ಪುಸ್ತಕದ ತಳಹದಿಯಾಗಿಸಿಕೊಂಡಿದ್ದಾರೆ.

ಹೀಗೆ ಬಂದವಳು ಮನೆಯ ಆಸರೆ ಎಲ್ಲಿ ತಪ್ಪುವುದೋ ಎಂಬ ಅಂಜಿಕೆಯಲ್ಲಿ ವಿಕ್ಟರನ ಮುಖದ ಒಂದೊಂದು ಗೆರೆಯನ್ನೂ ಓದಿ, ಅವನಿಗೆ ಬೇಕಾದ ಹಾಗೆ ನಗುವುದನ್ನು ರೂಢಿಸಿಕೊಳ್ಳುವ ಪುಟಗಳು, ಇಂಗೋಲ್‌ಸ್ಟಾಟ್ ಊರಿನ ಅವನ ಪ್ರಯೋಗಶಾಲೆಗಿಂತಲೂ ಹೆಚ್ಚಾಗಿ ನನ್ನಲ್ಲಿ ನಡುಕ ಹುಟ್ಟಿಸಿದವು. ತನ್ನದು ಒಲವೋ, ಉಳಿವಿಗಾಗಿ ಕಲಿತ ಉಪಾಯವೋ ಎಂಬುದು ಅವಳಿಗೇ ಸ್ಪಷ್ಟವಿಲ್ಲ. ಹಾಗಾಗಿ ಇಲ್ಲಿ ಹಿತವಾದ ಪ್ರೇಮಕಥೆಯನ್ನು ಹುಡುಕುವವರಿಗೆ ನಿರಾಸೆಯಾಗಬಹುದು. ಆ ಮನೆಯ ಕಿರಿಯ ಮಕ್ಕಳನ್ನು ನೋಡಿಕೊಳ್ಳುವ ಜಸ್ಟೀನಳೊಂದಿಗಿನ ಸ್ನೇಹವೊಂದೇ ಈ ಕತ್ತಲಲ್ಲಿ ಬೆಚ್ಚಗಿನ ಜಾಗ. ಹಿಂದಿನ ನೆನಪುಗಳು ಪದೇಪದೇ ನುಗ್ಗಿ ಬರುವುದರಿಂದ ಮೊದಲ ಭಾಗ ತುಸು ಎಳೆದಂತಾಗಿದೆ. ಆದರೂ ಭಯಾನಕ ಸಾಹಿತ್ಯಕ್ಕೆ ಕೊಡುವ ಬ್ರಾಮ್ ಸ್ಟೋಕರ್ ಪ್ರಶಸ್ತಿಯನ್ನು ಹದಿಹರೆಯದ ವಿಭಾಗದಲ್ಲಿ ಪಡೆದ ಈ ಕೃತಿ ಆ ಮನ್ನಣೆಗೆ ತಕ್ಕುದೇ ಆಗಿದೆ. ಶೆಲ್ಲಿಯವರ ಮೂಲವನ್ನು ಮೊದಲು ಓದಿಕೊಂಡು ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.